ಫ್ಯುಕೋಯಿಡಾನ್, ಲ್ಯಾಮಿನಾರಿನ್, ಆಲ್ಜಿನೇಟ್: ಕಂದು ಕಡಲಕಳೆಯ ಸಕ್ಕರೆಗಳಲ್ಲಿ ಯಾವುದು ಯಾರಿಗೆ?

ಕೊಡಗಿನಲ್ಲಿ ಕಡಲಕಳೆಯ ಬಗ್ಗೆ ವಿಚಾರಿಸುವವರು ಮೂರು ಬಗೆ. ಹೊರದೇಶದಲ್ಲಿರುವ ಮಗನೋ ಮಗಳೋ ಕಳಿಸಿದ ಫ್ಯುಕೋಯಿಡಾನ್ ಬಾಟಲಿ ಹಿಡಿದುಕೊಂಡು ‘ಇದನ್ನು ತಗೊಳ್ಳಬಹುದಾ?’ ಎನ್ನುವ ಹಿರಿಯರು ಮೊದಲನೆಯವರು. ಮನೆಯಲ್ಲೇ ಜಾಮ್, ಜ್ಯೂಸ್, ಚಾಕೊಲೇಟ್ ಮಾಡಿ ಮಡಿಕೇರಿ, ಕುಶಾಲನಗರದ ಅಂಗಡಿಗಳಿಗೆ ಹಾಕುವವರು ಎರಡನೆಯವರು. ಅವರಿಗೆ ಲೇಬಲ್ ಮೇಲೆ ಆಕರ್ಷಕವಾದ ಒಂದು ಮಾತು ಬೇಕು. ಮೂರನೆಯವರು ತೋಟದವರು. ಸೀವೀಡ್ ಲಿಕ್ವಿಡ್ ಕ್ಯಾನ್ ತಂದುಕೊಟ್ಟ ಸೇಲ್ಸ್‌ನವನು ಹೋದ ಮೇಲೆ, ಇದನ್ನು ಕಾಫಿಗೆ ಹೊಡೆಯಲೋ ಬೇಡವೋ ಎಂದು ಯೋಚಿಸುವವರು.

ಮೂವರ ಕೈಯಲ್ಲಿರುವ ಡಬ್ಬಿಯ ಮೇಲೂ ಒಂದೇ ಪದ: ಆ್ಯಂಟಿಆಕ್ಸಿಡೆಂಟ್, ಅಂದರೆ ಜೀವಕೋಶಗಳಿಗೆ ಹಾನಿ ಮಾಡುವ ಫ್ರೀ ರಾಡಿಕಲ್ ಎಂಬ ಚಂಚಲ ಕಣಗಳನ್ನು ತಣ್ಣಗಾಗಿಸುವ ಪದಾರ್ಥ. ಆದರೆ ಮೂವರಿಗೂ ಅದರಿಂದ ಆಗಬೇಕಾದ ಕೆಲಸ ಬೇರೆ ಬೇರೆ. ಹಾಗಾಗಿ ‘ಫ್ಯುಕೋಯಿಡಾನ್, ಲ್ಯಾಮಿನಾರಿನ್, ಆಲ್ಜಿನೇಟ್ ಈ ಮೂರರಲ್ಲಿ ಯಾವುದು ಹೆಚ್ಚು ಪವರ್‌ಫುಲ್?’ ಎಂದು ಕೇಳಿದರೆ ಉತ್ತರ ಸಿಕ್ಕರೂ ಪ್ರಯೋಜನವಿಲ್ಲ. ಯಾವ ಕೆಲಸಕ್ಕೆ ಎಂದು ಮೊದಲು ಹೇಳಬೇಕು.

ಒಂದು ಮಾತು ಆರಂಭದಲ್ಲೇ ಹೇಳಿಬಿಡುತ್ತೇನೆ. ಊಟತಿಂಡಿಯಲ್ಲಿ ಆ್ಯಂಟಿಆಕ್ಸಿಡೆಂಟ್ ಇರಲಿ ಎಂಬುದಷ್ಟೇ ನಿಮ್ಮ ಆಸೆಯಾದರೆ ಕಡಲಿನ ತನಕ ಹೋಗಬೇಕಾಗಿಲ್ಲ. ನಮ್ಮ ತೋಟದ ರೊಬಸ್ಟಾ ಹಸಿ ಬೀಜದಲ್ಲಿ ಕ್ಲೋರೋಜೆನಿಕ್ ಆಮ್ಲಗಳೆಂಬ ಆ್ಯಂಟಿಆಕ್ಸಿಡೆಂಟ್‌ಗಳು ಒಣತೂಕದ ಶೇ. 7ರಿಂದ 10ರಷ್ಟಿರುತ್ತವೆ, ಅರೇಬಿಕಾಕ್ಕಿಂತ ಹೆಚ್ಚು. ಹುರಿಯುವಾಗ ಅದರಲ್ಲಿ ಒಳ್ಳೆಯ ಪಾಲು ನಾಶವಾದರೂ ಲೋಟಕ್ಕೆ ಬರುವುದು ಕಡಿಮೆಯೇನಲ್ಲ. ಕಕ್ಕಡ ತಿಂಗಳಲ್ಲಿ ಕೊಡಗಿನವರು ಪಾಯಸ ಮಾಡುವ ಮದ್ದುಸೊಪ್ಪಿನಲ್ಲೂ ಫಿನಾಲಿಕ್ ಅಂಶಗಳು, ಅಂದರೆ ಗಿಡಗಳಲ್ಲಿರುವ ಒಂದು ಬಗೆಯ ಆ್ಯಂಟಿಆಕ್ಸಿಡೆಂಟ್‌ಗಳು, ಇವೆ ಎಂದು ಪ್ರಯೋಗಾಲಯಗಳಲ್ಲಿ ನೋಡಿದ್ದಾರೆ. ಕಡಲಕಳೆಯ ಸಕ್ಕರೆಗಳನ್ನು ಕೊಳ್ಳಲು ಬೇರೆ ಕಾರಣ ಬೇಕು. ಅಂಥ ಕಾರಣಗಳೂ ಇವೆ.

ಒಂದೇ ಕಳೆಯೊಳಗಿನ ಮೂರು ಸಕ್ಕರೆ

ಕಂದು ಕಡಲಕಳೆ ಅಂದರೆ ಒಂದೇ ಜಾತಿಯಲ್ಲ. ಜಪಾನಿನವರ ಅಡುಗೆಮನೆಯ ಕೊಂಬು, ವಕಾಮೆ, ಒಕಿನಾವಾ ದ್ವೀಪಗಳ ಮೊಜುಕು, ಉತ್ತರ ಅಟ್ಲಾಂಟಿಕ್‌ನ ತಣ್ಣೀರಿನ ಬಂಡೆಗಳಿಗೆ ಅಂಟಿಕೊಂಡು ಬೆಳೆಯುವ ಫ್ಯೂಕಸ್ ಮತ್ತು ಆಸ್ಕೋಫಿಲಮ್, ನಮ್ಮ ಮನ್ನಾರ್ ಕೊಲ್ಲಿಯಲ್ಲಿ ಮಂಡಪಂ, ರಾಮೇಶ್ವರದ ಆಸುಪಾಸು ಸಿಗುವ ಸರ್ಗಾಸಮ್ ಮತ್ತು ಟರ್ಬಿನೇರಿಯ, ಎಲ್ಲವೂ ಇದೇ ಗುಂಪು. ಈ ಗುಂಪಿಗೆ ವಿಶೇಷವಾದ ಮೂರು ಬಹುಶರ್ಕರಗಳು, ಅಂದರೆ ಸಕ್ಕರೆಯ ಘಟಕಗಳು ಸರಪಳಿಯಂತೆ ಕೂಡಿದ ದೊಡ್ಡ ಅಣುಗಳು, ನಮಗಿಲ್ಲಿ ಮುಖ್ಯ.

ಆಲ್ಜಿನೇಟ್ ಜೀವಕೋಶದ ಗೋಡೆಯಲ್ಲಿರುತ್ತದೆ. ಅಲೆಯ ಹೊಡೆತಕ್ಕೆ ಕಳೆ ಮುರಿಯದೆ ಬಳುಕುವುದು ಇದರಿಂದಲೇ. ಕೆಲವು ಜಾತಿಗಳ ಒಣತೂಕದಲ್ಲಿ ಶೇ. 40ರವರೆಗೂ ಇದೇ ಇರುತ್ತದೆ. ಸ್ಟ್ಯಾನ್‌ಫರ್ಡ್ ಎಂಬ ಬ್ರಿಟಿಷ್ ರಸಾಯನಶಾಸ್ತ್ರಜ್ಞ 1881ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಲ್ಯಾಮಿನಾರಿನ್ ಕಳೆಯ ಕೂಡಿಟ್ಟ ಆಹಾರ. ಬೇಸಗೆಯ ಬಿಸಿಲಲ್ಲಿ ತಯಾರಾಗಿ, ಬೆಳಕಿಲ್ಲದ ಚಳಿಗಾಲದಲ್ಲಿ ಖರ್ಚಾಗುತ್ತದೆ. ಅದೇ ಕಳೆಯನ್ನು ಯಾವ ತಿಂಗಳು ಕೊಯ್ದರು ಎಂಬುದರ ಮೇಲೆ ಇದು ಹೇರಳವೂ ಆಗಬಹುದು, ಹೆಚ್ಚುಕಡಿಮೆ ಇಲ್ಲದೆಯೂ ಇರಬಹುದು. ಫ್ಯುಕೋಯಿಡಾನ್ ಜೀವಕೋಶಗಳ ನಡುವಿನ ಲೋಳೆಯಲ್ಲಿದೆ. ಇಳಿತದ ಹೊತ್ತಿನಲ್ಲಿ ಬಂಡೆಯ ಮೇಲೆ ಬಿಸಿಲಿಗೆ ಬಿದ್ದ ಕಳೆ ಒಣಗದಂತೆ ಕಾಯುವ ಲೋಳೆ ಅದು. ಸ್ವೀಡನ್ನಿನ ಹರಾಲ್ಡ್ ಕಿಲಿನ್ ಇದನ್ನು 1913ರಲ್ಲಿ ಬೇರ್ಪಡಿಸಿದ.

ರಚನೆಯಲ್ಲಿ ಮೂರೂ ದೂರದೂರ. ಲ್ಯಾಮಿನಾರಿನ್ ಎಂದರೆ ಬರೀ ಗ್ಲೂಕೋಸ್‌ನ ಗಿಡ್ಡ ಸರಪಳಿ, ಒಂದರಲ್ಲಿ ಸುಮಾರು 20–30 ಘಟಕ. ಅನ್ನದ ಪಿಷ್ಟದಲ್ಲೂ ಗ್ಲೂಕೋಸೇ ಇರುವುದು, ಆದರೆ ಕೊಂಡಿ ಹಾಕಿರುವ ರೀತಿ ಬೇರೆಯಾದ್ದರಿಂದ ನಮ್ಮ ಜೀರ್ಣರಸಕ್ಕೆ ಇದು ಕರಗುವುದಿಲ್ಲ. ಆಲ್ಜಿನೇಟ್‌ನಲ್ಲಿ ಎರಡು ಬಗೆಯ ಆಮ್ಲೀಯ ಸಕ್ಕರೆಗಳಿವೆ. ಕ್ಯಾಲ್ಸಿಯಂ ಸಿಕ್ಕಿದ ತಕ್ಷಣ ಗಟ್ಟಿ ಜೆಲ್ ಆಗುವುದು ಇದರ ಗುಣ. ಫ್ಯುಕೋಯಿಡಾನ್‌ನಲ್ಲಿ ಮುಖ್ಯವಾಗಿ ಫ್ಯುಕೋಸ್ ಎಂಬ ಸಕ್ಕರೆ, ಅದಕ್ಕೆ ಅಲ್ಲಲ್ಲಿ ಸಲ್ಫೇಟ್ ಗುಂಪುಗಳು. ಈ ಸಲ್ಫೇಟೇ ಇದರ ಒಳ್ಳೆಯದಕ್ಕೂ ಅಪಾಯಕ್ಕೂ ಕಾರಣ.

ಆ ಅಂಕಿಯನ್ನು ನಂಬುವ ಮುನ್ನ

ಜಾಹೀರಾತುಗಳಲ್ಲಿ ಡಿಪಿಪಿಎಚ್ ಎಂಬ ಪರೀಕ್ಷೆಯ ಅಂಕಿ ಕಾಣುತ್ತದೆ. ಡಿಪಿಪಿಎಚ್ ಒಂದು ಸ್ಥಿರವಾದ ಫ್ರೀ ರಾಡಿಕಲ್. ಅದರ ದ್ರಾವಣ ಮದ್ದುಸೊಪ್ಪಿನ ಪಾಯಸದ ಹಾಗೆ ಗಾಢ ನೇರಳೆ. ಆ್ಯಂಟಿಆಕ್ಸಿಡೆಂಟ್ ಹಾಕಿದರೆ ಬಣ್ಣ ಇಳಿದು ಹಳದಿಯಾಗುತ್ತದೆ. ಎಷ್ಟು ಇಳಿಯಿತು ಎಂದು 517 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ಸುಲಭ, ಅಗ್ಗ, ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ. ಕಾಲೇಜು ಪ್ರಾಜೆಕ್ಟುಗಳಿಗೆ ಅಚ್ಚುಮೆಚ್ಚು.

ಕಡಲಕಳೆಯ ಸಕ್ಕರೆಗಳ ವಿಷಯದಲ್ಲಿ ಇದಕ್ಕೊಂದು ತೊಡಕಿದೆ. ಡಿಪಿಪಿಎಚ್ ಕರಗುವುದು ಮದ್ಯಸಾರದಲ್ಲಿ. ಬಹುಶರ್ಕರಗಳು ಕರಗುವುದು ನೀರಿನಲ್ಲಿ. ಎರಡನ್ನೂ ಬೆರೆಸಿದರೆ ಸಕ್ಕರೆ ಗಷ್ಟಾಗಿ ತಳಕ್ಕೆ ಕೂರಬಹುದು, ದ್ರಾವಣ ಮಬ್ಬಾಗಬಹುದು, ಬಣ್ಣದ ಲೆಕ್ಕ ತಪ್ಪಬಹುದು. ನೀರಿನಲ್ಲಿ ನಡೆಯುವ ಎಬಿಟಿಎಸ್ ಪರೀಕ್ಷೆ, ಕಬ್ಬಿಣವನ್ನು ಹಿಡಿದಿಡುವ ಶಕ್ತಿಯ ಪರೀಕ್ಷೆ, ಹೈಡ್ರಾಕ್ಸಿಲ್ ರಾಡಿಕಲ್ ಪರೀಕ್ಷೆ ಈ ಸಕ್ಕರೆಗಳಿಗೆ ಹೆಚ್ಚು ಹೊಂದುತ್ತವೆ. ವರದಿಯಲ್ಲಿ ಡಿಪಿಪಿಎಚ್ ಒಂದೇ ಇದ್ದರೆ ನಾನಂತೂ ಅದಕ್ಕೆ ಹೆಚ್ಚು ತೂಕ ಕೊಡುವುದಿಲ್ಲ.

ಇನ್ನೊಂದು ಗೊಂದಲ ಐಸಿ50 ಎಂಬ ಅಂಕಿಯದು. ಅರ್ಧದಷ್ಟು ರಾಡಿಕಲ್‌ಗಳನ್ನು ತಣ್ಣಗಾಗಿಸಲು ಎಷ್ಟು ಪದಾರ್ಥ ಬೇಕು ಎಂಬ ಲೆಕ್ಕ ಅದು. ಹಾಗಾಗಿ ಅಂಕಿ ಸಣ್ಣದಿದ್ದಷ್ಟೂ ಶಕ್ತಿ ಹೆಚ್ಚು. ಅಂಕಿ ದೊಡ್ಡದು ಕಂಡು ಖುಷಿಪಡುವವರಿದ್ದಾರೆ. ಇದೇ ಅಳತೆಯಲ್ಲಿ ವಿಟಮಿನ್ ಸಿಗೆ ಒಂದು ಮಿಲಿಲೀಟರ್‌ಗೆ ಕೆಲವು ಮೈಕ್ರೋಗ್ರಾಂ ಸಾಕಾದರೆ, ಶುದ್ಧ ಫ್ಯುಕೋಯಿಡಾನ್‌ಗೆ ಸಾಮಾನ್ಯವಾಗಿ ನೂರಾರು ಮೈಕ್ರೋಗ್ರಾಂ, ಕೆಲವೊಮ್ಮೆ ಮಿಲಿಗ್ರಾಂಗಟ್ಟಲೆ ಬೇಕಾಗುತ್ತದೆ. ಅಂದರೆ ನೇರವಾಗಿ ರಾಡಿಕಲ್ ಹಿಡಿಯುವ ಪೈಪೋಟಿಯಲ್ಲಿ ನೆಲ್ಲಿಕಾಯಿ ಮುಂದೆ ಇದು ನಿಲ್ಲುವುದಿಲ್ಲ.

ಇದಕ್ಕಿಂತ ದೊಡ್ಡ ವಿಷಯ ಕಲಬೆರಕೆಯದು. ಮೋಸದ ಕಲಬೆರಕೆಯಲ್ಲ, ಪ್ರಕೃತಿಯದ್ದೇ. ಕಂದು ಕಡಲಕಳೆಯಲ್ಲಿ ಫ್ಲೋರೋಟ್ಯಾನಿನ್ ಎಂಬ ಪಾಲಿಫಿನಾಲ್‌ಗಳಿವೆ, ಅವು ಬಲವಾದ ಆ್ಯಂಟಿಆಕ್ಸಿಡೆಂಟ್‌ಗಳು. ಕಳೆಯ ಪುಡಿಯನ್ನು ಬಿಸಿನೀರಿನಲ್ಲಿ ಕುದಿಸಿ, ಸೋಸಿ, ಒಣಗಿಸಿಬಿಟ್ಟರೆ ಸಕ್ಕರೆಯ ಜೊತೆ ಅವೂ ಬರುತ್ತವೆ. ಆಮೇಲೆ ಪರೀಕ್ಷೆಯಲ್ಲಿ ಒಳ್ಳೆಯ ಅಂಕಿ ಬಂದರೆ ಅದರ ಶ್ರೇಯಸ್ಸು ಸಕ್ಕರೆಗೋ ಫಿನಾಲ್‌ಗೋ? ಎಷ್ಟೋ ಕಚ್ಚಾ ಸಾರಗಳಲ್ಲಿ ಆ್ಯಂಟಿಆಕ್ಸಿಡೆಂಟ್ ಶಕ್ತಿ ಏರಿಳಿಯುವುದು ಫಿನಾಲ್‌ಗಳ ಪ್ರಮಾಣದ ಜೊತೆಗೆ. ಶುದ್ಧಿ ಮಾಡುತ್ತಾ ಹೋದ ಹಾಗೆ ಅಂಕಿ ಇಳಿಯುವುದೂ ಉಂಟು. ಹೆಚ್ಚು ದುಡ್ಡು ಕೊಟ್ಟು ಹೆಚ್ಚು ಶುದ್ಧವಾದದ್ದನ್ನು ಕೊಂಡವರಿಗೆ ಕಡಿಮೆ ಆ್ಯಂಟಿಆಕ್ಸಿಡೆಂಟ್ ಸಿಗುತ್ತದೆ ಎಂಬ ವಿಚಿತ್ರ ಇದರಿಂದಲೇ.

ಸರಿಯಾದ ಕ್ರಮ ಹೀಗಿರುತ್ತದೆ: ಒಣಗಿದ ಕಳೆಯನ್ನು ಮೊದಲು ಮದ್ಯಸಾರದಲ್ಲಿ ತೊಳೆದು ಬಣ್ಣ, ಕೊಬ್ಬು, ಸಡಿಲವಾಗಿರುವ ಫಿನಾಲ್‌ಗಳನ್ನು ತೆಗೆಯುತ್ತಾರೆ. ನಂತರ ಬಿಸಿನೀರಿನಲ್ಲೋ ತೆಳು ಆಮ್ಲದಲ್ಲೋ ಸಕ್ಕರೆಗಳನ್ನು ಇಳಿಸುತ್ತಾರೆ. ಕ್ಯಾಲ್ಸಿಯಂ ಕ್ಲೋರೈಡ್ ಹಾಕಿದಾಗ ಆಲ್ಜಿನೇಟ್ ಗಡ್ಡೆಕಟ್ಟಿ ಬೇರೆಯಾಗುತ್ತದೆ. ಉಳಿದ ದ್ರವಕ್ಕೆ ಮದ್ಯಸಾರ ಸೇರಿಸಿದರೆ ಫ್ಯುಕೋಯಿಡಾನ್ ಎಳೆಎಳೆಯಾಗಿ ಕೆಳಗಿಳಿಯುತ್ತದೆ. ಆಲ್ಜಿನೇಟೇ ಬೇಕಾದವರು ಕಳೆಯನ್ನು ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಬಿಸಿಮಾಡಿ ತೆಗೆಯುತ್ತಾರೆ. ಮೈಕ್ರೋವೇವ್, ಅಲ್ಟ್ರಾಸೌಂಡ್, ಕಿಣ್ವ ಬಳಸುವ ಹೊಸ ವಿಧಾನಗಳೂ ಇವೆ. ಅವುಗಳಲ್ಲಿ ಸಮಯ ಉಳಿಯುತ್ತದೆ, ಆದರೆ ಕೆಲವೊಮ್ಮೆ ಸರಪಳಿಯೂ ತುಂಡಾಗುತ್ತದೆ. ತುಂಡಾಗುವುದು ಕೆಟ್ಟದ್ದೇ ಆಗಬೇಕೆಂದಿಲ್ಲ: ಚಿಕ್ಕ ತುಣುಕುಗಳು ಉದ್ದ ಸರಪಳಿಗಿಂತ ಚುರುಕಾಗಿ ರಾಡಿಕಲ್ ಹಿಡಿಯುವುದು ಫ್ಯುಕೋಯಿಡಾನ್‌ನಲ್ಲೂ ಆಲ್ಜಿನೇಟ್‌ನಲ್ಲೂ ಕಂಡಿದೆ.

ಕೊನೆಯದಾಗಿ, ಪರೀಕ್ಷಾ ನಳಿಕೆಯೇ ಬೇರೆ, ಹೊಟ್ಟೆಯೇ ಬೇರೆ. ಆಹಾರಗಳ ಆ್ಯಂಟಿಆಕ್ಸಿಡೆಂಟ್ ಅಂಕಿಗಳ ದೊಡ್ಡ ಪಟ್ಟಿಯೊಂದನ್ನು ಅಮೆರಿಕದ ಕೃಷಿ ಇಲಾಖೆ ಇಟ್ಟಿತ್ತು, ಓರಾಕ್ ಎಂಬ ಅಳತೆಯಲ್ಲಿ. ಆ ಅಂಕಿಗಳಿಗೂ ಮನುಷ್ಯನ ದೇಹದಲ್ಲಾಗುವುದಕ್ಕೂ ನೇರ ಸಂಬಂಧ ತೋರಿಸಲಾಗದೆ, ಕಂಪನಿಗಳು ಅದನ್ನು ಜಾಹೀರಾತಿಗೆ ದುರುಪಯೋಗ ಮಾಡುತ್ತಿವೆ ಎಂದು 2012ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಇವತ್ತಿಗೂ ಓರಾಕ್ ಅಂಕಿ ಹಾಕಿಕೊಂಡು ಮಾರುವ ಡಬ್ಬಿಗಳಿವೆ.

ಬಾಯಿಗೆ ತೆಗೆದುಕೊಳ್ಳುವವರಿಗೆ

ಫ್ಯುಕೋಯಿಡಾನ್‌ನಿಂದಲೇ ಶುರು ಮಾಡೋಣ, ಮಾರುಕಟ್ಟೆಯಲ್ಲಿ ಗದ್ದಲ ಇರುವುದು ಅದರದ್ದೇ. ಜೀವಕೋಶಗಳ ಮೇಲೆ, ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಇದು ದೇಹದ ಸ್ವಂತ ರಕ್ಷಣಾ ಕಿಣ್ವಗಳನ್ನು, ಅಂದರೆ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್ ಮೊದಲಾದವನ್ನು ಹೆಚ್ಚಿಸಿದ್ದು ಕಂಡಿದೆ. ನೇರವಾಗಿ ರಾಡಿಕಲ್ ಹಿಡಿಯುವುದಕ್ಕಿಂತ ಈ ಪರೋಕ್ಷ ದಾರಿಯೇ ಇದರ ನಿಜವಾದ ಆಕರ್ಷಣೆ. ಆದರೆ ಅಣು ದೊಡ್ಡದು, ಹತ್ತಾರು ಸಾವಿರದಿಂದ ಲಕ್ಷಗಟ್ಟಲೆ ಡಾಲ್ಟನ್ (ಅಣುತೂಕದ ಅಳತೆ) ತೂಕದ್ದು. ನುಂಗಿದ್ದರಲ್ಲಿ ರಕ್ತಕ್ಕೆ ಸೇರುವುದು ಬಹಳ ಸ್ವಲ್ಪ. ಮನುಷ್ಯರ ಮೇಲಿನ ಅಧ್ಯಯನಗಳು ಚಿಕ್ಕವು, ಕೆಲವೇ.

ಯಾವ ಕಳೆಯಿಂದ ತೆಗೆದದ್ದು ಎಂಬುದು ಇಲ್ಲಿ ಬಹಳ ಮುಖ್ಯ. ಫ್ಯೂಕಸ್‌ನದ್ದು ಫ್ಯುಕೋಸ್ ಮತ್ತು ಸಲ್ಫೇಟ್ ಎರಡರಲ್ಲೂ ಸಮೃದ್ಧ. ವಕಾಮೆಯದ್ದರಲ್ಲಿ ಗ್ಯಾಲಕ್ಟೋಸ್ ಕೂಡ ಗಣನೀಯ. ಸರ್ಗಾಸಮ್‌ನದ್ದು ಇನ್ನೂ ಮಿಶ್ರ. ಒಂದರ ಮೇಲೆ ನಡೆದ ಪ್ರಯೋಗದ ಫಲವನ್ನು ಇನ್ನೊಂದರ ಡಬ್ಬಿಯ ಮೇಲೆ ಅಚ್ಚು ಹಾಕುವುದು ಸರಿಯಲ್ಲ. ಫ್ಯೂಕಸ್ ಮತ್ತು ವಕಾಮೆಯ ಫ್ಯುಕೋಯಿಡಾನ್‌ಗೆ ಐರೋಪ್ಯ ಒಕ್ಕೂಟ ಹೊಸ ಆಹಾರವೆಂದು ಅನುಮತಿ ಕೊಟ್ಟಿರುವುದು ದಿನಕ್ಕೆ 250 ಮಿಲಿಗ್ರಾಂವರೆಗೆ. ಕ್ಯಾಪ್ಸೂಲಿನ ಪ್ರಮಾಣ ಇದಕ್ಕಿಂತ ಎಷ್ಟೋ ಪಟ್ಟು ಇದ್ದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ.

ಈಗ ಅಪಾಯದ ಮಾತು. ಸಲ್ಫೇಟ್ ಇರುವುದರಿಂದ ಫ್ಯುಕೋಯಿಡಾನ್ ಹೆಪಾರಿನ್ ಎಂಬ ಔಷಧದ ಹಾಗೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಲ್ಲದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರು, ವಾರ್ಫರಿನ್ ಮೇಲಿರುವವರು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ನಮ್ಮಲ್ಲಿ ಇದನ್ನು ಕೇಳುವ ಹಿರಿಯರಲ್ಲಿ ಬಹುಪಾಲು ಈ ಪಟ್ಟಿಯಲ್ಲೇ ಇರುತ್ತಾರೆ. ಮಕ್ಕಳು ಪ್ರೀತಿಯಿಂದ ಕಳಿಸಿದ್ದು ನಿಜ, ಆದರೆ ಅಪ್ಪನ ಮಾತ್ರೆಗಳ ಚೀಟಿ ಅವರಿಗೆ ಗೊತ್ತಿರುವುದಿಲ್ಲ.

ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಇದನ್ನು ಒತ್ತಾಯ ಮಾಡಿ ಮಾರುವುದು ನನಗೆ ಸ್ವಲ್ಪವೂ ಹಿಡಿಸದ ವ್ಯಾಪಾರ. ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸಾಯುವುದು ಬೇರೆ, ರೋಗಿ ಗುಣವಾಗುವುದು ಬೇರೆ. ಮೈಸೂರಿಗೋ ಮಂಗಳೂರಿಗೋ ಕೀಮೋಗೆ ಹೋಗಿಬರುವವರು ಇಂಥದ್ದೇನನ್ನೇ ತೆಗೆದುಕೊಳ್ಳುವ ಮುನ್ನ ಅಲ್ಲಿಯ ವೈದ್ಯರಿಗೆ ಡಬ್ಬಿ ತೋರಿಸಬೇಕು. ಹೆಚ್ಚು ಪ್ರಮಾಣದ ಆ್ಯಂಟಿಆಕ್ಸಿಡೆಂಟ್ ಕೆಲವು ಚಿಕಿತ್ಸೆಗಳಿಗೆ ಅಡ್ಡಬರಬಹುದೆಂಬ ಆತಂಕ ವೈದ್ಯರಲ್ಲಿದೆ.

ಲ್ಯಾಮಿನಾರಿನ್ ಈ ಗದ್ದಲದಲ್ಲಿ ಸದ್ದಿಲ್ಲದೆ ಉಳಿದಿದೆ. ಶುದ್ಧ ರೂಪದಲ್ಲಿ ಇದರ ಆ್ಯಂಟಿಆಕ್ಸಿಡೆಂಟ್ ಶಕ್ತಿ ದುರ್ಬಲ. ಸಲ್ಫೇಟ್ ಇಲ್ಲ, ಆಮ್ಲ ಗುಂಪುಗಳಿಲ್ಲ, ಹಿಡಿದು ಹೋರಾಡಲು ಅದರ ಕೈಯಲ್ಲಿ ಏನೂ ಇಲ್ಲ. ಆದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಇದನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಕಿರು ಕೊಬ್ಬಿನಾಮ್ಲಗಳನ್ನು ಮಾಡುತ್ತವೆ, ಅವು ಕರುಳಿನ ಗೋಡೆಗೆ ಆಹಾರ. ನಾರಿನಂಶವಾಗಿ ಒಳ್ಳೆಯದೇ. ಆದರೂ ನಾರಿಗಾಗಿ ಲ್ಯಾಮಿನಾರಿನ್ ಕೊಳ್ಳುವುದಕ್ಕಿಂತ ಬಿದಿರು ಕಳಲೆ, ಹಲಸಿನಕಾಯಿ, ರಾಗಿ ತಿನ್ನುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಲ್ಯಾಮಿನಾರಿನ್‌ಗೆ ತೋಟದಲ್ಲಿ ಬೇರೆ ಕೆಲಸ ಇದೆ, ಅದನ್ನು ಮುಂದೆ ನೋಡೋಣ.

ಆಲ್ಜಿನೇಟ್ ನಿಮಗೆ ಈಗಾಗಲೇ ಪರಿಚಯವಿರಬಹುದು. ಎದೆಯುರಿ, ಹುಳಿತೇಗಿಗೆ ಕೊಡುವ ಕೆಲವು ಸಿರಪ್‌ಗಳಲ್ಲಿ ಸೋಡಿಯಂ ಆಲ್ಜಿನೇಟ್ ಇರುತ್ತದೆ. ಅದು ಹೊಟ್ಟೆಯ ಆಮ್ಲದ ಮೇಲೆ ತೇಲುವ ಜೆಲ್ ಪದರವಾಗಿ ಆಮ್ಲ ಮೇಲೇರದಂತೆ ತಡೆಯುತ್ತದೆ. ಹಲ್ಲಿನ ಅಚ್ಚು ತೆಗೆಯುವ ಪೇಸ್ಟ್, ಗಾಯದ ಮೇಲಿನ ಕ್ಯಾಲ್ಸಿಯಂ ಆಲ್ಜಿನೇಟ್ ಪಟ್ಟಿಯೂ ಇದೇ. ಆ್ಯಂಟಿಆಕ್ಸಿಡೆಂಟ್ ಎಂದು ಇದನ್ನು ಬಾಯಿಗೆ ತೆಗೆದುಕೊಳ್ಳಲು ಕಾರಣವಿಲ್ಲ. ಎದೆಯುರಿಗೆ ತೆಗೆದುಕೊಳ್ಳುವವರು ಬೇರೆ ಮಾತ್ರೆಗಳಿಗೂ, ಮುಖ್ಯವಾಗಿ ಥೈರಾಯ್ಡ್ ಮಾತ್ರೆಗೂ, ಇದಕ್ಕೂ ಎರಡು ಗಂಟೆ ಅಂತರ ಇಟ್ಟುಕೊಳ್ಳಿ.

ಇಡೀ ಕಳೆಯನ್ನೇ ತಿಂದರೆ? ಕೊರಿಯನ್ ಸೀರಿಯಲ್ ನೋಡಿ ಮಕ್ಕಳು ವಕಾಮೆ ಸೂಪ್ ಮಾಡುವ ಕಾಲ ಇದು. ಹಿತಮಿತವಾಗಿದ್ದರೆ ತೊಂದರೆಯಿಲ್ಲ. ಕೊಂಬು ಮಾತ್ರ ಜೋಪಾನ: ದೊಡ್ಡವರಿಗೆ ದಿನಕ್ಕೆ ಬೇಕಾದ ಅಯೋಡಿನ್ ಸುಮಾರು 150 ಮೈಕ್ರೋಗ್ರಾಂ, ಒಣ ಕೊಂಬಿನ ಒಂದೇ ಗ್ರಾಂನಲ್ಲಿ ಅದರ ಎಷ್ಟೋ ಪಟ್ಟು ಇರಬಹುದು. ನಮ್ಮ ಉಪ್ಪಿನಲ್ಲೂ ಅಯೋಡಿನ್ ಇದೆ. ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು ದೂರವಿರುವುದು ವಾಸಿ. ಹಿಜಿಕಿ ಎಂಬ ಕಂದು ಕಳೆಯನ್ನಂತೂ ಯಾರೂ ತಿನ್ನದಿರುವುದೇ ಒಳ್ಳೆಯದು. ಅದರಲ್ಲಿ ವಿಷಕಾರಿ ರೂಪದ ಆರ್ಸೆನಿಕ್ ಹೆಚ್ಚು ಎಂದು ಬ್ರಿಟನ್ನಿನ ಆಹಾರ ಸುರಕ್ಷತಾ ಸಂಸ್ಥೆ 2004ರಲ್ಲೇ ಎಚ್ಚರಿಸಿದೆ.

ಲೇಬಲ್‌ನಲ್ಲಿ ಏನು ನೋಡಬೇಕು

ಎಲ್ಲ ಕೇಳಿಯೂ ಫ್ಯುಕೋಯಿಡಾನ್ ಕೊಳ್ಳುವುದೆಂದು ತೀರ್ಮಾನಿಸಿದವರಿಗೆ: ಮೊದಲು ಕಳೆಯ ವೈಜ್ಞಾನಿಕ ಹೆಸರು ಇದೆಯೇ ನೋಡಿ. ‘ಸೀವೀಡ್ ಎಕ್ಸ್‌ಟ್ರಾಕ್ಟ್’ ಎಂದಷ್ಟೇ ಇದ್ದರೆ ವಾಪಸ್ ಇಡಿ. ಆಮೇಲೆ ಶೇಕಡಾವಾರು. 500 ಮಿಲಿಗ್ರಾಂ ಸಾರದ ಕ್ಯಾಪ್ಸೂಲಿನಲ್ಲಿ ಶೇ. 60 ಫ್ಯುಕೋಯಿಡಾನ್ ಇದ್ದರೆ ನಿಮಗೆ ಸಿಗುವುದು 300 ಮಿಲಿಗ್ರಾಂ. 300 ಮಿಲಿಗ್ರಾಂ ಸಾರದಲ್ಲಿ ಶೇ. 85 ಇದ್ದರೆ 255. ಕ್ಯಾಪ್ಸೂಲಿನ ಲೆಕ್ಕದಲ್ಲಿ ಬೆಲೆ ಹೋಲಿಸಬೇಡಿ, ಒಳಗಿರುವ ಫ್ಯುಕೋಯಿಡಾನ್‌ನ ಮಿಲಿಗ್ರಾಂ ಲೆಕ್ಕದಲ್ಲಿ ಹೋಲಿಸಿ.

‘ಒಟ್ಟು ಬಹುಶರ್ಕರ ಶೇ. 90’ ಎಂಬ ಬರಹ ಬಲು ಜಾಣತನದ್ದು. ಒಟ್ಟು ಸಕ್ಕರೆ ಅಳೆಯುವ ಫಿನಾಲ್–ಸಲ್ಫ್ಯೂರಿಕ್ ಆಮ್ಲದ ಪರೀಕ್ಷೆಗೆ ಫ್ಯುಕೋಯಿಡಾನ್ ಯಾವುದು, ಪಿಷ್ಟದಿಂದ ಮಾಡಿದ ಮಾಲ್ಟೋಡೆಕ್ಸ್‌ಟ್ರಿನ್ ಪುಡಿ ಯಾವುದು, ಗಂಜಿ ಯಾವುದು ಎಂಬ ಭೇದ ತಿಳಿಯುವುದಿಲ್ಲ. ಫ್ಯುಕೋಸ್ ಎಷ್ಟು, ಸಲ್ಫೇಟ್ ಎಷ್ಟು, ಅಣುತೂಕ ಎಷ್ಟು, ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ, ಅಯೋಡಿನ್ ಎಷ್ಟು ಎಂಬ ಪರೀಕ್ಷಾ ಪತ್ರವನ್ನು ಕೇಳಿದರೆ ಪ್ರಾಮಾಣಿಕ ಮಾರಾಟಗಾರ ಕಳಿಸುತ್ತಾನೆ. ಭಾರತದಲ್ಲಿ ಮಾರುವ ಇಂಥ ಪೂರಕಗಳ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆಯೂ, ಔಷಧವಾಗಿ ಬಳಸಲು ಅಲ್ಲ ಎಂಬ ಸಾಲೂ ಇರಬೇಕು. ಆ ಸಾಲಿನ ಪಕ್ಕದಲ್ಲೇ ಹತ್ತು ರೋಗಗಳ ಹೆಸರಿದ್ದರೆ ಉಳಿದದ್ದನ್ನು ಓದುವ ಅಗತ್ಯವಿಲ್ಲ.

ಕಡಲಕಳೆಯ ಪೂರಕಗಳಲ್ಲಿ ನಮ್ಮ ದೇಶದಲ್ಲೂ ಕೆಲಸವಾಗಿದೆ. ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕಡಲಕಳೆಯಿಂದ ಕೀಲುನೋವು, ಮಧುಮೇಹ ಮುಂತಾದವಕ್ಕೆಂದು ‘ಕಡಲ್‌ಮಿನ್’ ಹೆಸರಿನ ಪೂರಕಗಳ ಸಾಲನ್ನೇ ರೂಪಿಸಿದೆ. ಜಪಾನಿನ ಬಾಟಲಿಯೇ ಶ್ರೇಷ್ಠ ಎಂಬ ನಂಬಿಕೆ ಬೇಕಾಗಿಲ್ಲ. ಹಾಗೆಂದು ಅವು ಶುದ್ಧ ಫ್ಯುಕೋಯಿಡಾನ್ ಅಂದುಕೊಳ್ಳುವುದೂ ಬೇಡ, ಅವುಗಳ ಸಾರದ ಲೆಕ್ಕ ಬೇರೆ.

ಮನೆಯಲ್ಲಿ ತಯಾರಿಸಿ ಮಾರುವವರಿಗೆ

ಇಲ್ಲಿ ಮೂರರಲ್ಲಿ ಗೆಲ್ಲುವುದು ಆಲ್ಜಿನೇಟ್, ಪೈಪೋಟಿಯೇ ಇಲ್ಲ. ಅದು ಸ್ವತಃ ದೊಡ್ಡ ಆ್ಯಂಟಿಆಕ್ಸಿಡೆಂಟ್ ಅಲ್ಲದಿದ್ದರೂ ಬೇರೆ ಆ್ಯಂಟಿಆಕ್ಸಿಡೆಂಟ್‌ಗಳನ್ನು ಕಾಯುತ್ತದೆ. ಕಾಫಿ ಸಾರವನ್ನೋ ಹಣ್ಣಿನ ರಸವನ್ನೋ ಸೋಡಿಯಂ ಆಲ್ಜಿನೇಟ್ ದ್ರಾವಣದಲ್ಲಿ ಬೆರೆಸಿ, ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿಹನಿಯಾಗಿ ಬಿಟ್ಟರೆ ಮುತ್ತಿನಂಥ ಮಣಿಗಳಾಗುತ್ತವೆ. ಒಳಗಿನ ಫಿನಾಲ್‌ಗಳಿಗೆ ಗಾಳಿ ತಾಗುವುದು ಕಡಿಮೆಯಾಗುತ್ತದೆ. ಹೆಚ್ಚಿದ ಹಣ್ಣಿನ ಮೇಲೆ ತೆಳು ಪದರವಾಗಿಯೂ ಬಳಸಬಹುದು. ಆಹಾರಕ್ಕೆ ಅನುಮತಿ ಇರುವ ಸೇರ್ಪಡೆ ಇದು, ಸಂಖ್ಯೆ ಐಎನ್‌ಎಸ್ 401. ಕೊಳ್ಳುವಾಗ ‘ಫುಡ್ ಗ್ರೇಡ್’ ಎಂದು ಇರಲೇಬೇಕು, ಏಕೆಂದರೆ ಬಟ್ಟೆಗೆ ಬಣ್ಣ ಅಚ್ಚು ಹಾಕುವ ಕೆಲಸಕ್ಕೂ ಇದೇ ಪುಡಿ ಬೇರೆ ದರ್ಜೆಯಲ್ಲಿ ಮಾರಾಟವಾಗುತ್ತದೆ.

ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ. ಪ್ಯಾಷನ್ ಫ್ರೂಟ್, ಕಾಚಂಪುಳಿಯಂಥ ಹುಳಿ ಪದಾರ್ಥಗಳಲ್ಲಿ ಪಿಎಚ್ ಮೂರೂವರೆಗಿಂತ ಕೆಳಗಿಳಿದರೆ ಸೋಡಿಯಂ ಆಲ್ಜಿನೇಟ್ ಆಲ್ಜಿನಿಕ್ ಆಮ್ಲವಾಗಿ ಒಡೆದು ಗಂಟುಗಂಟಾಗುತ್ತದೆ. ಜ್ಯೂಸ್ ದಪ್ಪವಾಗಲಿ ಎಂದು ಹಾಕಿದರೆ ಬಾಟಲಿಯ ತಳದಲ್ಲಿ ಲೋಳೆ ಸಿಗುತ್ತದೆ. ಹುಳಿಯಿರುವ ಪಾನೀಯಗಳಿಗೆ ಪ್ರೊಪಿಲೀನ್ ಗ್ಲೈಕಾಲ್ ಆಲ್ಜಿನೇಟ್ (ಐಎನ್‌ಎಸ್ 405) ಎಂಬ ಬೇರೆ ರೂಪ ಇದೆ. ಯಾವ ಪದಾರ್ಥಕ್ಕೆ ಎಷ್ಟು ಹಾಕಬಹುದು ಎಂಬ ಮಿತಿಯನ್ನು ಎಫ್‌ಎಸ್‌ಎಸ್‌ಎಐ ಪಟ್ಟಿಯಲ್ಲಿ ನೋಡಿಯೇ ಮುಂದುವರಿಯಿರಿ. ಚಾಕೊಲೇಟಿಗೆ ಚಿಟಿಕೆ ಫ್ಯುಕೋಯಿಡಾನ್ ಹಾಕಿ ಲೇಬಲ್‌ನಲ್ಲಿ ಕಡಲಿನ ಚಿತ್ರ ಬಿಡಿಸುವ ಯೋಚನೆ ಇದ್ದರೆ, ಬೇಡ. ಕೋಕೋದಲ್ಲೇ ಅದಕ್ಕಿಂತ ಹೆಚ್ಚು ಫಿನಾಲ್ ಇದೆ.

ತೋಟದವರಿಗೆ

ಗಿಡಕ್ಕೆ ಬಂದಾಗ ಲ್ಯಾಮಿನಾರಿನ್‌ನ ಸರದಿ. ಅದರ ಬೀಟಾ-ಗ್ಲೂಕಾನ್ ರಚನೆ ಶಿಲೀಂಧ್ರಗಳ ಕೋಶಗೋಡೆಯಲ್ಲೂ ಇರುವಂಥದ್ದು. ಎಲೆಯ ಮೇಲೆ ಬಿದ್ದಾಗ ಶಿಲೀಂಧ್ರ ಬಂತೆಂದು ಗಿಡ ತನ್ನ ರಕ್ಷಣೆಯನ್ನು ಎಬ್ಬಿಸಿಕೊಳ್ಳುತ್ತದೆ. ಯೂರೋಪಿನಲ್ಲಿ ಇದು ಗಿಡಗಳ ರಕ್ಷಣೆಗೆ ಅನುಮತಿ ಪಡೆದ ಪದಾರ್ಥ, ಅಲ್ಲಿ ಲ್ಯಾಮಿನೇರಿಯಾ ಡಿಜಿಟಾಟಾ ಎಂಬ ಕಳೆಯಿಂದ ತಯಾರಿಸಿ ಸೇಬು, ದ್ರಾಕ್ಷಿ, ಸ್ಟ್ರಾಬೆರಿಗೆ ಬಳಸುತ್ತಾರೆ. ಇದು ಶಿಲೀಂಧ್ರವನ್ನು ಕೊಲ್ಲುವುದಿಲ್ಲ ಎಂಬುದನ್ನು ಮರೆಯಬಾರದು. ರೋಗ ಬರುವ ಮುನ್ನ ಹೊಡೆದರೆ ಮಾತ್ರ ಪ್ರಯೋಜನ. ಮಳೆಗಾಲದ ಕೊಳೆರೋಗಕ್ಕೆ, ಮೆಣಸಿನ ಬಳ್ಳಿಯ ಸೊರಗು ರೋಗಕ್ಕೆ ಬೋರ್ಡೋ ದ್ರಾವಣ ಬಿಟ್ಟು ಇದನ್ನು ನಂಬಿ ಕೂರುವ ಹಾಗಿಲ್ಲ.

ಇಲ್ಲಿ ಸಿಗುವ ಸೀವೀಡ್ ಲಿಕ್ವಿಡ್‌ಗಳು ಶುದ್ಧ ಲ್ಯಾಮಿನಾರಿನ್ ಅಲ್ಲ, ಇಡೀ ಕಳೆಯ ಸಾರ. ಅವುಗಳಲ್ಲಿ ಆಲ್ಜಿನೇಟ್ ಮತ್ತು ಫ್ಯುಕೋಯಿಡಾನ್ ತುಣುಕುಗಳು, ಮ್ಯಾನಿಟಾಲ್, ಪೊಟ್ಯಾಶ್, ಬೀಟೇನ್‌ಗಳು ಎಲ್ಲವೂ ಸೇರಿರುತ್ತವೆ. ಎಲ್ಲವೂ ಕಂದು ಕಳೆಯದ್ದೂ ಅಲ್ಲ. ತಮಿಳುನಾಡಿನ ಕರಾವಳಿಯಲ್ಲಿ ಬೆಳೆಸುವ ಕಪ್ಪಾಫೈಕಸ್ ಕೆಂಪು ಕಳೆ, ಅದರಲ್ಲಿ ಫ್ಯುಕೋಯಿಡಾನೂ ಇಲ್ಲ, ಲ್ಯಾಮಿನಾರಿನೂ ಇಲ್ಲ, ಇರುವುದು ಕ್ಯಾರಜೀನನ್ ಎಂಬ ಬೇರೆಯೇ ಬಹುಶರ್ಕರ. ಇಫ್ಕೋದ ‘ಸಾಗರಿಕಾ’ದಲ್ಲಿ ಕೆಂಪು, ಕಂದು ಎರಡೂ ಸೇರಿವೆ. ಆಸ್ಕೋಫಿಲಮ್ ನೋಡೋಸಮ್ ಎಂದಿದ್ದರೆ ಅದು ಅಟ್ಲಾಂಟಿಕ್‌ನ ಕಂದು ಕಳೆ, ಸಂಶೋಧನೆ ಹೆಚ್ಚು ನಡೆದಿರುವುದು ಅದರ ಮೇಲೆಯೇ. ಕೆಂಪು ಕಳೆಯದ್ದು ಕೆಟ್ಟದ್ದೆಂದಲ್ಲ, ಒಂದರ ಗುಣ ಹೇಳಿ ಇನ್ನೊಂದನ್ನು ಮಾರುವಾಗ ಗೊತ್ತಿರಬೇಕು ಅಷ್ಟೇ.

ತೋಟದಲ್ಲಿ ಆ್ಯಂಟಿಆಕ್ಸಿಡೆಂಟ್ ಎಂಬುದಕ್ಕೆ ನಿಜವಾದ ಅರ್ಥವಿದೆ. ಬಿಸಿಲು, ನೀರಿನ ಕೊರತೆಯಲ್ಲಿ ಎಲೆಯೊಳಗೆ ಫ್ರೀ ರಾಡಿಕಲ್‌ಗಳು ಹೆಚ್ಚುತ್ತವೆ. ಕಡಲಕಳೆಯ ಸಾರ ಹೊಡೆದ ಹಲವು ಬೆಳೆಗಳಲ್ಲಿ ಗಿಡದ ಸ್ವಂತ ರಕ್ಷಣಾ ಕಿಣ್ವಗಳು ಏರಿ ಬರ ತಾಳುವ ಶಕ್ತಿ ಹೆಚ್ಚಿದ್ದು ಕಂಡಿದೆ. ಹಾಗಾಗಿ ನನ್ನ ಮಟ್ಟಿಗೆ ಇದನ್ನು ಪರೀಕ್ಷಿಸಿ ನೋಡಲು ತಕ್ಕ ಕಾಲ ಹೂಮಳೆಗೆ ಮುಂಚಿನ ಒಣ ದಿನಗಳು ಮತ್ತು ಕಾಯಿ ಕಚ್ಚಿದ ಮೇಲಿನ ಬೇಸಗೆ, ಜಡಿಮಳೆಯ ತಿಂಗಳುಗಳಲ್ಲ. ಇಡೀ ತೋಟಕ್ಕೆ ಒಮ್ಮೆಲೇ ಹೊಡೆಯದೆ, ಒಂದೇ ತರದ ನೆರಳು, ಒಂದೇ ವಯಸ್ಸಿನ ಗಿಡಗಳಿರುವ ಜಾಗದಲ್ಲಿ ಕೆಲವು ಸಾಲುಗಳಿಗೆ ಹೊಡೆದು ಪಕ್ಕದ ಸಾಲುಗಳಿಗೆ ಬರೀ ನೀರು ಹೊಡೆಯಿರಿ. ಕೊಯ್ಲಿನಲ್ಲಿ ಎರಡನ್ನೂ ಬೇರೆ ಬೇರೆ ತೂಗಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರನ್ನು ಮೊದಲು ಕೇಳಿದರೆ ಪ್ರಮಾಣ, ಯಾವುದರ ಜೊತೆ ಬೆರೆಸಬಾರದು ಎಂಬುದೂ ತಿಳಿಯುತ್ತದೆ. 2021ರ ಫೆಬ್ರವರಿಯಲ್ಲಿ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿಯಾಗಿ ಕಡಲಕಳೆಯ ಸಾರಗಳೂ ಬಯೋಸ್ಟಿಮ್ಯುಲಂಟ್ (ಗಿಡದ ಬೆಳವಣಿಗೆಗೆ ಹುರುಪು ಕೊಡುವ ಪದಾರ್ಥ) ಹೆಸರಿನಲ್ಲಿ ಕಾನೂನಿನಡಿ ಬಂದಿವೆ. ಕ್ಯಾನ್ ಮೇಲೆ ಆ ವಿವರ, ಕಳೆಯ ಹೆಸರು, ತಯಾರಾದ ದಿನಾಂಕ ಇಲ್ಲದಿದ್ದರೆ ಬಿಲ್ ಮಾಡಿಸಬೇಡಿ.

ಯಾವುದನ್ನೇ ತಂದರೂ ಜೂನ್‌ಗೆ ಮುಂಚೆ ದಾಸ್ತಾನು ಮಾಡಿಡುವ ಆಸೆ ಬೇಡ. ಈ ಪುಡಿಗಳೆಲ್ಲ ತೇವ ಹೀರುವಂಥವು. ನಮ್ಮ ಮಳೆಗಾಲದಲ್ಲಿ ಒಮ್ಮೆ ಮುಚ್ಚಳ ತೆಗೆದರೆ ಫ್ಯುಕೋಯಿಡಾನ್ ಗಟ್ಟಿ ಉಂಡೆಯಾಗುತ್ತದೆ. ಆಲ್ಜಿನೇಟ್ ತೇವ, ಶಾಖಗಳಿಗೆ ಸಿಕ್ಕು ಸರಪಳಿ ತುಂಡಾಗಿ ಜೆಲ್ ಕಟ್ಟುವ ಬಲ ಕಳೆದುಕೊಳ್ಳುತ್ತದೆ. ಸಣ್ಣ ಪ್ಯಾಕ್ ತನ್ನಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ, ಒಲೆಯ ಮೇಲಿನ ಅಟ್ಟದಿಂದ ದೂರ.